ಬಯೋಮೆಟ್ರಿಕ್ ಗುರುತಿನ ವ್ಯವಸ್ಥೆಯಲ್ಲಿ ತಜ್ಞರ ಸಲಹಾ ಸಮಿತಿಯ ಪಾತ್ರ: ಸೇವೆ ಕೋರುವ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಪಡಿತರ, ಪಿಂಚಣಿ, ವಿದ್ಯಾರ್ಥಿವೇತನ ಮುಂತಾದ ಸೌಲಭ್ಯಗಳಿಗಾಗಿ ಬರುವ ನಾಗರಿಕರು ಅನೇಕ ಸಂದರ್ಭಗಳಲ್ಲಿ ಯಂತ್ರದ ಮೇಲೆ ಬೆರಳನ್ನಿಟ್ಟು ತಮ್ಮ ಗುರುತನ್ನು ದೃಢಪಡಿಸಬೇಕಾಗಿರುತ್ತದೆ. ಬಹುಪಾಲು ಜನರಿಗೆ ಇದು ಕೆಲವೇ ಕ್ಷಣಗಳ ಕೆಲಸವಾಗಿದೆ. ಆದರೆ ಗಾರೆ ಕೆಲಸ, ಕಲ್ಲು ಒಡೆಯುವ ಕೆಲಸ, ಕೃಷಿ ಕೂಲಿ ಮುಂತಾದ ದುಡಿಮೆಯಿಂದ ಕೈ ಸವೆದವರಿಗೆ ಹಾಗೂ ವಯೋವೃದ್ಧರಿಗೆ "ಬೆರಳಚ್ಚು ತಾಳೆಯಾಗುತ್ತಿಲ್ಲ" ಎಂಬ ಉತ್ತರ ದೊರೆಯುವುದುಂಟು. ಇಂತಹವರಲ್ಲಿ ಕೆಲವರು ತಪ್ಪು ತಮ್ಮದೇ ಎಂದು ಭಾವಿಸಿ, ಯಾರನ್ನೂ ವಿಚಾರಿಸದೆ ಮನೆಗೆ ಹಿಂದಿರುಗುತ್ತಾರೆ. ಆ ತಿಂಗಳ ಪಡಿತರವು ಅವರಿಗೆ ತಪ್ಪಿಹೋಗುವ ಸಂಭವವಿರುತ್ತದೆ.

ಬೆರಳಚ್ಚು ಪ್ರತಿಯೊಬ್ಬರಿಗೂ ಪ್ರತಿ ಬಾರಿಯೂ ತಾಳೆಯಾಗುವುದೆಂಬ ಭರವಸೆಯನ್ನು ಈ ವ್ಯವಸ್ಥೆಯನ್ನು ರೂಪಿಸಲು ಸಲಹೆ ನೀಡಿದ ತಜ್ಞರು ನೀಡಿರಲಿಲ್ಲ. ಬದಲಾಗಿ, ಎಲ್ಲಿ ಸಂದೇಹವಿದೆ ಎಂಬುದನ್ನು ಅವರು ಆರಂಭದಲ್ಲಿಯೇ ಲಿಖಿತವಾಗಿ ತಿಳಿಸಿದ್ದರು. ತಜ್ಞರ ಸಲಹಾ ಸಮಿತಿ ಎಂದರೇನು, ಅದರ ಅಧಿಕಾರದ ವ್ಯಾಪ್ತಿ ಎಷ್ಟು, ಅದರ ಸಲಹೆಗೂ ನಾಗರಿಕರಿಗೆ ದೊರೆಯುವ ಸೇವೆಗೂ ಇರುವ ಸಂಬಂಧವೇನು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

2. ತಜ್ಞರ ಸಲಹಾ ಸಮಿತಿ ಎಂದರೇನು?

ಬೆರಳಚ್ಚು, ಕಣ್ಣಿನ ಪಾಪೆ, ಮುಖಚಿತ್ರ ಮುಂತಾದ ದೈಹಿಕ ಲಕ್ಷಣಗಳ ಆಧಾರದಿಂದ ವ್ಯಕ್ತಿಯನ್ನು ಗುರುತಿಸುವ ವಿಧಾನಕ್ಕೆ ಬಯೋಮೆಟ್ರಿಕ್ ವಿಧಾನವೆಂದು ಹೆಸರು. ಈ ವಿಧಾನವನ್ನು ಅಳವಡಿಸುವ ಸಂಸ್ಥೆಗಳ ಆಡಳಿತಗಾರರು ಸ್ವತಃ ಈ ಶಾಸ್ತ್ರದ ಪರಿಣತರಾಗಿರಬೇಕೆಂದಿಲ್ಲ. ಆದ್ದರಿಂದ ವಿಜ್ಞಾನ, ಗಣಕ ತಂತ್ರಜ್ಞಾನ, ಕಾನೂನು ಮತ್ತು ಆಡಳಿತ ಕ್ಷೇತ್ರಗಳ ಅನುಭವಿಗಳನ್ನು ಒಳಗೊಂಡ ಸಲಹಾ ಸಮಿತಿ ಅಥವಾ ಮಂಡಳಿಯನ್ನು ರಚಿಸಿಕೊಳ್ಳುವುದು ವಾಡಿಕೆಯಾಗಿದೆ. ಇಂತಹ ಸಮಿತಿಯ ಮುಖ್ಯ ಕಾರ್ಯಗಳು ಈ ಕೆಳಕಂಡಂತಿರುತ್ತವೆ:

(ಅ) ಯಾವ ದೈಹಿಕ ಲಕ್ಷಣಗಳನ್ನು, ಯಾವ ಗುಣಮಟ್ಟದಲ್ಲಿ ಸಂಗ್ರಹಿಸಬೇಕೆಂಬ ಬಗ್ಗೆ ಮಾನದಂಡಗಳನ್ನು ಸೂಚಿಸುವುದು.
(ಆ) ತಂತ್ರಜ್ಞಾನದ ಸಾಮರ್ಥ್ಯದ ಜೊತೆಗೆ ಅದರ ಮಿತಿಗಳನ್ನೂ ತಿಳಿಸುವುದು.
(ಇ) ಖಾಸಗಿತನ, ಸಮ್ಮತಿ ಮತ್ತು ದುರುಪಯೋಗದ ಸಾಧ್ಯತೆಗಳ ಬಗ್ಗೆ ಎಚ್ಚರಿಸುವುದು.

ಸಮಿತಿಯು ಸಲಹೆಯನ್ನು ಮಾತ್ರ ನೀಡುತ್ತದೆ. ತೀರ್ಮಾನ ಕೈಗೊಳ್ಳುವ ಅಧಿಕಾರ ಹಾಗೂ ಅದರ ಹೊಣೆ ಸಂಬಂಧಪಟ್ಟ ಸಂಸ್ಥೆಯದೇ ಆಗಿರುತ್ತದೆ. ಇದನ್ನು ಲೆಕ್ಕಪರಿಶೋಧಕರ ಕಾರ್ಯಕ್ಕೆ ಹೋಲಿಸಬಹುದು. ಲೆಕ್ಕಪರಿಶೋಧಕರು ವ್ಯಾಪಾರವನ್ನು ನಡೆಸುವುದಿಲ್ಲ. ಲೆಕ್ಕದ ಯಾವ ಬಾಬು ನಂಬಲರ್ಹ, ಯಾವುದು ಸಂದೇಹಾಸ್ಪದ ಎಂಬುದನ್ನು ವರದಿಯಲ್ಲಿ ದಾಖಲಿಸುತ್ತಾರೆ. ಮುಂದೊಂದು ದಿನ ಪ್ರಶ್ನೆ ಎದ್ದಾಗ ಆ ದಾಖಲೆಯೇ ಆಧಾರವಾಗುತ್ತದೆ.

ವಿದೇಶಗಳಲ್ಲಿಯೂ ಇಂತಹ ವ್ಯವಸ್ಥೆಗಳಿವೆ. 2001ರಲ್ಲಿ ಆಸ್ಟ್ರೇಲಿಯಾದಲ್ಲಿ ಸ್ಥಾಪಿತವಾದ ಬಯೋಮೆಟ್ರಿಕ್ಸ್ ಇನ್‌ಸ್ಟಿಟ್ಯೂಟ್ ಎಂಬ ಸದಸ್ಯತ್ವ ಆಧಾರಿತ ಸಂಸ್ಥೆಯು, ಮೊದಲು ನೀತಿ, ನಂತರ ಕಾರ್ಯವಿಧಾನ, ಕೊನೆಯಲ್ಲಿ ತಂತ್ರಜ್ಞಾನ ಎಂಬ ಕ್ರಮವನ್ನು ಅನುಸರಿಸಬೇಕೆಂದು 2020ರಲ್ಲಿ ಪ್ರಕಟಿಸಿತು. ಬ್ರಿಟನ್ನಿನಲ್ಲಿ 2007ರಲ್ಲಿ ಡಿ.ಎನ್.ಎ. ದತ್ತಾಂಶ ಸಂಗ್ರಹದ ನೈತಿಕ ಪ್ರಶ್ನೆಗಳಿಗಾಗಿ ರಚಿಸಲಾದ ಸಲಹಾ ಸಮಿತಿಯ ವ್ಯಾಪ್ತಿಯನ್ನು 2017ರಲ್ಲಿ ಇತರ ಬಯೋಮೆಟ್ರಿಕ್ ವಿಧಾನಗಳಿಗೂ ವಿಸ್ತರಿಸಲಾಯಿತು. ಭಾರತದ ನಾಗರಿಕರಿಗೆ ನೇರವಾಗಿ ಸಂಬಂಧಿಸಿದ್ದು 2009ರ ಬಯೋಮೆಟ್ರಿಕ್ ಮಾನದಂಡಗಳ ಸಮಿತಿಯಾಗಿದೆ.

3. 2009ರ ಬಯೋಮೆಟ್ರಿಕ್ ಮಾನದಂಡಗಳ ಸಮಿತಿ

ಕರ್ನಾಟಕದ ಆಡಳಿತಕ್ಕೆ ಬೆರಳಚ್ಚು ಯಂತ್ರವು ಅದಕ್ಕೂ ಮೊದಲೇ ಪರಿಚಿತವಾಗಿತ್ತು. 2001ರ ವೇಳೆಗೆ ಜಾರಿಗೆ ಬಂದ "ಭೂಮಿ" ಯೋಜನೆಯಲ್ಲಿ ಗಣಕೀಕೃತ ಪಹಣಿ ದಾಖಲೆಗಳನ್ನು ನಿರ್ವಹಿಸುವ ಸಿಬ್ಬಂದಿಯು ಬೆರಳಚ್ಚಿನ ಮೂಲಕವೇ ಗಣಕಯಂತ್ರವನ್ನು ಪ್ರವೇಶಿಸಬೇಕಾಗಿತ್ತು. ಅಲ್ಲಿ ಗುರುತು ನೀಡುತ್ತಿದ್ದವರು ಸೇವೆ ಒದಗಿಸುವ ಸಿಬ್ಬಂದಿ, ಸಂಖ್ಯೆಯೂ ಸೀಮಿತ. ದೇಶದ ಎಲ್ಲಾ ನಿವಾಸಿಗಳನ್ನು ಬಯೋಮೆಟ್ರಿಕ್ ವಿಧಾನದಿಂದ ಗುರುತಿಸುವುದು ಇದಕ್ಕಿಂತ ತೀರಾ ಭಿನ್ನವಾದ ಕಾರ್ಯವಾಗಿತ್ತು.

ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರವನ್ನು 2009ರ ಜನವರಿಯಲ್ಲಿ ಅಂದಿನ ಯೋಜನಾ ಆಯೋಗದ ಅಧೀನದಲ್ಲಿ ರಚಿಸಲಾಯಿತು. ಬೆಂಗಳೂರಿನವರಾದ ಶ್ರೀ ನಂದನ್ ನಿಲೇಕಣಿ ಅವರು ಅದೇ ವರ್ಷದ ಜುಲೈನಲ್ಲಿ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡರು. ನೋಂದಣಿ ಆರಂಭಿಸುವ ಮೊದಲು ಪ್ರಾಧಿಕಾರವು ಎರಡು ಸಮಿತಿಗಳ ಸಲಹೆ ಪಡೆಯಿತು.

ಮೊದಲನೆಯದು, ಹೆಸರು, ವಿಳಾಸ, ಜನ್ಮ ದಿನಾಂಕ ಮುಂತಾದ ವಿವರಗಳ ಸ್ವರೂಪ ಮತ್ತು ಪರಿಶೀಲನಾ ವಿಧಾನಗಳಿಗೆ ಸಂಬಂಧಿಸಿದ ಸಮಿತಿ. ಕೇಂದ್ರ ಜಾಗೃತ ಆಯುಕ್ತರಾಗಿದ್ದ ಶ್ರೀ ಎನ್. ವಿಠ್ಠಲ್ ಅವರು ಇದರ ಅಧ್ಯಕ್ಷರು. ಯಾವುದೇ ದಾಖಲೆ ಇಲ್ಲದ ಬಡವರೂ ನೋಂದಣಿಯಿಂದ ಹೊರಗುಳಿಯಬಾರದೆಂಬ ದೃಷ್ಟಿಯಿಂದ, ಪರಿಚಯಸ್ಥರ ಮೂಲಕ ನೋಂದಾಯಿಸಿಕೊಳ್ಳುವ ಪದ್ಧತಿಯನ್ನು ಈ ಸಮಿತಿಯು ಸೂಚಿಸಿತು.

ಎರಡನೆಯದು, ಬಯೋಮೆಟ್ರಿಕ್ ಮಾನದಂಡಗಳ ಸಮಿತಿ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಅಂದಿನ ಮಹಾನಿರ್ದೇಶಕರಾದ ಡಾ. ಬಿ.ಕೆ. ಗೈರೋಲಾ ಅವರು ಇದರ ಅಧ್ಯಕ್ಷರು. 2009ರ ಸೆಪ್ಟೆಂಬರ್‌ನಲ್ಲಿ ರಚನೆಯಾದ ಈ ಸಮಿತಿಯ ವರದಿಯು ಅದೇ ವರ್ಷದ ಡಿಸೆಂಬರ್‌ನಲ್ಲಿ ಸಿದ್ಧವಾಯಿತು.

4. ಸಮಿತಿಯು ನೀಡಿದ ಸಲಹೆ

ಮುಖಚಿತ್ರ, ಹತ್ತೂ ಬೆರಳುಗಳ ಅಚ್ಚು ಹಾಗೂ ಕಣ್ಣಿನ ಪಾಪೆ, ಈ ಮೂರಕ್ಕೂ ಸಮಿತಿಯು ಅಂತರರಾಷ್ಟ್ರೀಯ ಐ.ಎಸ್.ಓ. 19794 ಸರಣಿಯ ಮಾನದಂಡಗಳನ್ನು ಆಧಾರವಾಗಿ ಸೂಚಿಸಿತು. ಮಾನದಂಡ ಒಂದೇ ಆಗಿದ್ದಲ್ಲಿ ಒಂದು ಕಂಪನಿಯ ಯಂತ್ರದಲ್ಲಿ ತೆಗೆದ ಬೆರಳಚ್ಚನ್ನು ಮತ್ತೊಂದು ಕಂಪನಿಯ ಯಂತ್ರದ ಮೂಲಕ ತಾಳೆ ನೋಡಲು ಸಾಧ್ಯವಾಗುತ್ತದೆ ಹಾಗೂ ಸರ್ಕಾರವು ಒಂದೇ ಸರಬರಾಜುದಾರರನ್ನು ಅವಲಂಬಿಸಬೇಕಾಗುವುದಿಲ್ಲ. ಬೀದರಿನಲ್ಲಿ ನೋಂದಾಯಿಸಿಕೊಂಡವರು ಮೈಸೂರಿನಲ್ಲಿ ಗುರುತು ದೃಢಪಡಿಸಲು ಸಾಧ್ಯವಾಗಿರುವುದು ಇಂತಹ ಏಕರೂಪತೆಯಿಂದಲೇ.

ಸಮಿತಿಯು ನೀಡಿದ ಎಚ್ಚರಿಕೆಗಳು ಇಷ್ಟೇ ಮುಖ್ಯವಾದವು. ದೆಹಲಿ, ಉತ್ತರ ಪ್ರದೇಶ, ಬಿಹಾರ ಮತ್ತು ಒಡಿಶಾದ ಜಿಲ್ಲೆಗಳಿಂದ, ಬಹುತೇಕ ಗ್ರಾಮೀಣ ಭಾಗಗಳಿಂದ ಸಂಗ್ರಹಿಸಿದ ಸುಮಾರು 25,000 ಜನರ ಎರಡೂವರೆ ಲಕ್ಷಕ್ಕೂ ಹೆಚ್ಚಿನ ಬೆರಳಚ್ಚು ಚಿತ್ರಗಳನ್ನು ಪರಿಶೀಲಿಸಲಾಯಿತು. ತದನಂತರ ಸಮಿತಿಯು ಎರಡು ಸಂದೇಹಗಳನ್ನು ದಾಖಲಿಸಿತು:

(ಅ) ಸುಮಾರು 5 ಕೋಟಿ ಜನರ ದತ್ತಾಂಶದಲ್ಲಿ ದೊರೆತ ನಿಖರತೆಯು 100 ಕೋಟಿ ಜನರ ದತ್ತಾಂಶದಲ್ಲಿಯೂ ಉಳಿಯುವುದೇ ಎಂಬುದರ ಬಗ್ಗೆ ಸಾಕಷ್ಟು ವಿಶ್ಲೇಷಣೆ ನಡೆದಿಲ್ಲ.
(ಆ) ನಿಖರತೆಯನ್ನು ನಿರ್ಧರಿಸುವ ಅತಿ ಮುಖ್ಯ ಅಂಶವಾದ ಬೆರಳಚ್ಚಿನ ಗುಣಮಟ್ಟದ ಬಗ್ಗೆ ಭಾರತದ ಸಂದರ್ಭದಲ್ಲಿ ಆಳವಾದ ಅಧ್ಯಯನ ನಡೆದಿಲ್ಲ.

ಹತ್ತು ಬೆರಳುಗಳ ಅಚ್ಚು ಮತ್ತು ಭಾವಚಿತ್ರದಿಂದ, ಸಂಗ್ರಹಣೆಯ ಗುಣಮಟ್ಟವನ್ನು ಅವಲಂಬಿಸಿ, ಶೇಕಡಾ 95ಕ್ಕಿಂತ ಹೆಚ್ಚಿನ ನಿಖರತೆ ಸಾಧ್ಯವೆಂದು ಸಮಿತಿಯು ತಿಳಿಸಿತು. ಕಣ್ಣಿನ ಪಾಪೆಯನ್ನೂ ಸೇರಿಸಿದಲ್ಲಿ ನಿಖರತೆಯನ್ನು ಹೆಚ್ಚಿಸಬಹುದು. ಆದರೆ ಭಾರತದ ಅಂಕಿಅಂಶಗಳು ಇಲ್ಲದಿರುವುದರಿಂದ ಎಷ್ಟು ಹೆಚ್ಚುವುದೆಂದು ಖಚಿತವಾಗಿ ಹೇಳಲಾಗದು, ಅಗತ್ಯವೆನಿಸಿದಲ್ಲಿ ಪ್ರಾಧಿಕಾರವು ಇದನ್ನು ಪರಿಗಣಿಸಬಹುದು ಎಂದು ವರದಿಯು ತಿಳಿಸಿತು. ಈ ಶೇಕಡಾವಾರು ಅಂಕಿಗಳು ಒಬ್ಬರೇ ಎರಡು ಬಾರಿ ನೋಂದಾಯಿಸಿಕೊಳ್ಳುವುದನ್ನು ಪತ್ತೆಹಚ್ಚುವ ಕಾರ್ಯಕ್ಕೆ ಸಂಬಂಧಿಸಿದವು. ಅಂಗಡಿಯಲ್ಲಿ ಬೆರಳು ತಾಳೆಯಾಗುವ ಪ್ರಮಾಣಕ್ಕೆ ಇವು ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು. ಈ ಎರಡರ ವ್ಯತ್ಯಾಸವನ್ನು ಕಂಡಿಕೆ 6ರಲ್ಲಿ ತಿಳಿಸಲಾಗಿದೆ.

5. ಸಲಹೆಯ ಮೇರೆಗೆ ಕೈಗೊಂಡ ಕ್ರಮ

ವರದಿಯಲ್ಲಿ ಎತ್ತಿದ ಸಂದೇಹಗಳಿಗೆ ಉತ್ತರವನ್ನು ಕ್ಷೇತ್ರದಲ್ಲಿಯೇ ಕಂಡುಕೊಳ್ಳಬೇಕಾಗಿತ್ತು. 2010ರ ಮಾರ್ಚ್‌ನಿಂದ ಜೂನ್‌ವರೆಗೆ ಆಂಧ್ರಪ್ರದೇಶ, ಕರ್ನಾಟಕ ಮತ್ತು ಬಿಹಾರದ ಗ್ರಾಮೀಣ ಪ್ರದೇಶಗಳಲ್ಲಿ ಪ್ರಾಯೋಗಿಕ ಸಂಗ್ರಹಣೆ ನಡೆಸಲಾಯಿತು. ಜನರನ್ನು ಎರಡನೆಯ ಬಾರಿಗೂ ಕರೆಸಿ, ಮೊದಲು ಪಡೆದ ಗುರುತುಗಳೊಡನೆ ತಾಳೆ ನೋಡಲಾಯಿತು. ಅಂತಿಮವಾಗಿ ಪ್ರಾಧಿಕಾರವು ಮುಖಚಿತ್ರ ಮತ್ತು ಬೆರಳಚ್ಚುಗಳ ಜೊತೆಗೆ ಎರಡೂ ಕಣ್ಣುಗಳ ಪಾಪೆಯ ಚಿತ್ರವನ್ನು ಪಡೆಯಲು ತೀರ್ಮಾನಿಸಿತು. ಮೊದಲ ಆಧಾರ್ ಸಂಖ್ಯೆಗಳನ್ನು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭ್ಲಿ ಗ್ರಾಮದಲ್ಲಿ ವಿತರಿಸಲಾಯಿತು.

ಸಮಿತಿಯು ಐಚ್ಛಿಕವೆಂದು ಬಿಟ್ಟಿದ್ದ ಕಣ್ಣಿನ ಪಾಪೆಯ ವಿಷಯದಲ್ಲಿ ತೀರ್ಮಾನ ಕೈಗೊಂಡದ್ದು ಪ್ರಾಧಿಕಾರವೇ. ಬೆರಳು ಸವೆದ ವ್ಯಕ್ತಿಯು ಇಂದು ಕಣ್ಣಿನ ಪಾಪೆಯ ಮೂಲಕ ಗುರುತು ದೃಢಪಡಿಸಲು ಅವಕಾಶವಿರುವುದು ಆ ತೀರ್ಮಾನದ ಫಲವಾಗಿದೆ.

6. ಬೆರಳಚ್ಚು ಏಕೆ ತಾಳೆಯಾಗುವುದಿಲ್ಲ?

ಬಯೋಮೆಟ್ರಿಕ್ ಯಂತ್ರವು ಎರಡು ಬಗೆಯ ಕಾರ್ಯಗಳಲ್ಲಿ ಬಳಕೆಯಾಗುತ್ತದೆ. ನೋಂದಣಿಯ ಸಮಯದಲ್ಲಿ ಒಬ್ಬರ ಗುರುತುಗಳನ್ನು ಈಗಾಗಲೇ ನೋಂದಾಯಿತರಾದ ಎಲ್ಲರ ಗುರುತುಗಳೊಡನೆ ಹೋಲಿಸಲಾಗುತ್ತದೆ. ಸೇವೆ ಪಡೆಯುವ ಸಮಯದಲ್ಲಿ ಅವರ ಗುರುತನ್ನು ಅವರದೇ ಹಿಂದಿನ ಗುರುತಿನೊಡನೆ ಮಾತ್ರ ಹೋಲಿಸಲಾಗುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ನಡೆಯುವುದು ಈ ಎರಡನೆಯ ಕಾರ್ಯ.

ಯಂತ್ರವು "ಇದು ಇವರದೇ ಬೆರಳು" ಎಂದು ಖಂಡಿತವಾಗಿ ಹೇಳುವುದಿಲ್ಲ. ಹಿಂದಿನ ಅಚ್ಚಿಗೂ ಇಂದಿನ ಅಚ್ಚಿಗೂ ಎಷ್ಟು ಹೋಲಿಕೆ ಇದೆ ಎಂಬುದನ್ನು ಅಂಕಗಳಲ್ಲಿ ಅಳೆದು, ಅದು ನಿಗದಿತ ಮಟ್ಟಕ್ಕಿಂತ ಹೆಚ್ಚಿದ್ದರೆ ಒಪ್ಪುತ್ತದೆ, ಕಡಿಮೆಯಿದ್ದರೆ ನಿರಾಕರಿಸುತ್ತದೆ. ಮಟ್ಟವನ್ನು ಏರಿಸಿದರೆ ನಿಜವಾದ ಫಲಾನುಭವಿಗಳೂ ತಿರಸ್ಕೃತರಾಗಬಹುದು. ಇಳಿಸಿದರೆ ಬೇರೆಯವರು ಒಳನುಸುಳಬಹುದು. ಒಂದನ್ನು ಕಡಿಮೆ ಮಾಡಿದಾಗ ಮತ್ತೊಂದು ಹೆಚ್ಚುತ್ತದೆ. ತಜ್ಞರ ಸಲಹೆಯ ಅಗತ್ಯ ಹೆಚ್ಚಾಗಿ ಕಂಡುಬರುವುದು ಇಲ್ಲಿಯೇ.

ತಾಳೆಯಾಗದಿರಲು ಸಾಮಾನ್ಯ ಕಾರಣಗಳು ಇವು:

- ದುಡಿಮೆಯಿಂದ ಅಥವಾ ವಯಸ್ಸಿನಿಂದ ಬೆರಳಿನ ಗೆರೆಗಳು ಸವೆದಿರುವುದು
- ಗಾಯ, ಸುಟ್ಟ ಕಲೆ ಅಥವಾ ಚರ್ಮರೋಗ
- ಬೆರಳು ಅತಿಯಾಗಿ ಒಣಗಿರುವುದು ಅಥವಾ ಒದ್ದೆಯಾಗಿರುವುದು
- ಮೊದಲ ನೋಂದಣಿಯಲ್ಲಿಯೇ ಅಚ್ಚು ಸರಿಯಾಗಿ ಮೂಡದಿರುವುದು
- ಯಂತ್ರದ ಗಾಜು ಮಲಿನವಾಗಿರುವುದು ಅಥವಾ ಅಂತರ್ಜಾಲ ಸಂಪರ್ಕದ ಅಡಚಣೆ

ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಒಂದು ಅಂಗಡಿಯಲ್ಲಿ 500 ಪಡಿತರ ಚೀಟಿಗಳಿದ್ದು, ಪ್ರತಿ 100 ಕುಟುಂಬಗಳಲ್ಲಿ 99 ಕುಟುಂಬಗಳ ಗುರುತು ತಾಳೆಯಾಗುತ್ತದೆ ಎಂದಿಟ್ಟುಕೊಳ್ಳೋಣ. ಕಾಗದದ ಮೇಲೆ ಇದು ಉತ್ತಮ ಫಲಿತಾಂಶ. ಆದರೆ 5 ಕುಟುಂಬಗಳು ಪ್ರತಿ ತಿಂಗಳೂ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಅನೇಕ ವೇಳೆ ಅವೇ 5 ಕುಟುಂಬಗಳಾಗಿರುತ್ತವೆ, ಏಕೆಂದರೆ ಸವೆದ ಬೆರಳು ಮುಂದಿನ ತಿಂಗಳಿಗೆ ಸರಿಹೋಗುವುದಿಲ್ಲ.

7. ಸಲಹೆಯ ನಂತರದ ಪರಿಶೀಲನೆ

ಸಲಹೆಯನ್ನು ಒಮ್ಮೆ ಪಡೆದರೆ ಸಾಲದು. ಅನುಷ್ಠಾನವನ್ನು ಮತ್ತೆ ಮತ್ತೆ ಪರಿಶೀಲಿಸುತ್ತಿರಬೇಕಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಸಂಸತ್ತಿನಲ್ಲಿ ಮಂಡಿಸಲಾದ ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೇಖಪಾಲರ ವರದಿಯು, 2018-19ರಲ್ಲಿ ನಡೆದ 3.04 ಕೋಟಿ ಬಯೋಮೆಟ್ರಿಕ್ ನವೀಕರಣಗಳಲ್ಲಿ ಶೇಕಡಾ 73ಕ್ಕೂ ಹೆಚ್ಚು, ಗುರುತುಗಳು ದೋಷಪೂರಿತವಾಗಿದ್ದ ಕಾರಣ ನಿವಾಸಿಗಳೇ ಶುಲ್ಕ ತೆತ್ತು ಮಾಡಿಸಿಕೊಂಡವು ಎಂದು ತಿಳಿಸಿತು. ಗುರುತು ಕಳಪೆಯಾಗಿ ಸಂಗ್ರಹವಾಗಿರುವುದು ನಿವಾಸಿಗಳ ತಪ್ಪಲ್ಲವಾದ್ದರಿಂದ ಶುಲ್ಕದ ವಿಷಯವನ್ನು ಮರುಪರಿಶೀಲಿಸಬೇಕೆಂದು ವರದಿಯು ಶಿಫಾರಸು ಮಾಡಿತು. ಬೆರಳಚ್ಚಿನ ಗುಣಮಟ್ಟದ ಬಗ್ಗೆ 2009ರ ಸಮಿತಿಯು ವ್ಯಕ್ತಪಡಿಸಿದ್ದ ಕಳವಳವು ಆಧಾರರಹಿತವಾಗಿರಲಿಲ್ಲ ಎಂಬುದು ಇದರಿಂದ ತಿಳಿದುಬರುತ್ತದೆ.

8. ನಾಗರಿಕರಿಗೆ ಇರುವ ರಕ್ಷಣೆಗಳು

(1) ಆಧಾರ್ ಅಧಿನಿಯಮ, 2016ರ ಪ್ರಕರಣ 29ರಂತೆ, ಬೆರಳಚ್ಚು ಮತ್ತು ಕಣ್ಣಿನ ಪಾಪೆಯಂತಹ ಮೂಲ ಬಯೋಮೆಟ್ರಿಕ್ ಮಾಹಿತಿಯನ್ನು ಯಾವುದೇ ಕಾರಣಕ್ಕೂ ಯಾರೊಂದಿಗೂ ಹಂಚಿಕೊಳ್ಳುವಂತಿಲ್ಲ. ಆಧಾರ್ ಸಂಖ್ಯೆಯ ಸೃಜನೆ ಮತ್ತು ದೃಢೀಕರಣವನ್ನು ಹೊರತುಪಡಿಸಿ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ.

(2) ಸದರಿ ಅಧಿನಿಯಮದ ಪ್ರಕರಣ 7ರಂತೆ, ಆಧಾರ್ ಸಂಖ್ಯೆ ಇನ್ನೂ ದೊರೆಯದ ವ್ಯಕ್ತಿಗೆ ಸಹಾಯಧನ ಅಥವಾ ಸೌಲಭ್ಯ ಪಡೆಯಲು ಗುರುತಿನ ಪರ್ಯಾಯ ವಿಧಾನವನ್ನು ಒದಗಿಸಬೇಕು.

(3) ಪ್ರಾಧಿಕಾರವು 2017ರ ಅಕ್ಟೋಬರ್ 24ರ ಸುತ್ತೋಲೆಯಲ್ಲಿ, ಆಧಾರ್ ಇಲ್ಲವೆಂಬ ಅಥವಾ ದೃಢೀಕರಣ ವಿಫಲವಾಯಿತೆಂಬ ಕಾರಣಕ್ಕಾಗಿ ಅರ್ಹರಿಗೆ ಪಡಿತರ ಹಾಗೂ ಇತರ ಕಲ್ಯಾಣ ಸೌಲಭ್ಯಗಳನ್ನು ನಿರಾಕರಿಸಬಾರದೆಂದು ತಿಳಿಸಿದೆ.

(4) ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಶ್ರೀ ಕೆ.ಎಸ್. ಪುಟ್ಟಸ್ವಾಮಿ ಅವರು ಸಲ್ಲಿಸಿದ್ದ ಅರ್ಜಿಯ ಸಂಬಂಧ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ತೀರ್ಪು ನೀಡಿತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಆಧಾರ್ ಅಧಿನಿಯಮವನ್ನು ಬಹುಮಟ್ಟಿಗೆ ಎತ್ತಿಹಿಡಿಯಲಾಯಿತು. ದೃಢೀಕರಣದ ವೈಫಲ್ಯದಿಂದಾಗಿ ಯಾವ ಅರ್ಹ ವ್ಯಕ್ತಿಗೂ ಸೌಲಭ್ಯ ನಿರಾಕರಿಸಲಾಗುವುದಿಲ್ಲ ಎಂದು ಕೇಂದ್ರ ಸರ್ಕಾರದ ಪರವಾಗಿ ನೀಡಲಾದ ಭರವಸೆಯನ್ನು ಆ ತೀರ್ಪಿನಲ್ಲಿ ದಾಖಲಿಸಲಾಗಿದೆ.

(5) ಬೆರಳಚ್ಚು ನೀಡಲಾಗದವರು ಕಣ್ಣಿನ ಪಾಪೆಯಿಂದ, ಕಣ್ಣಿನ ಪಾಪೆ ನೀಡಲಾಗದವರು ಬೆರಳಚ್ಚಿನಿಂದ, ಎರಡನ್ನೂ ನೀಡಲಾಗದವರು ಎರಡೂ ಇಲ್ಲದೆಯೇ ಆಧಾರ್ ನೋಂದಣಿ ಮಾಡಿಸಬಹುದೆಂದು ಕೇಂದ್ರ ಸರ್ಕಾರವು 2023ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

9. ಬೆರಳಚ್ಚು ತಾಳೆಯಾಗದಿದ್ದಲ್ಲಿ ಅನುಸರಿಸಬೇಕಾದ ಕ್ರಮ

(1) ಕೈ ತೊಳೆದು, ಒರೆಸಿಕೊಂಡು, ಬೇರೆ ಬೇರೆ ಬೆರಳುಗಳಿಂದ ಪ್ರಯತ್ನಿಸುವುದು. ಹೆಬ್ಬೆರಳನ್ನೇ ನೀಡಬೇಕೆಂಬ ನಿಯಮವಿಲ್ಲ.
(2) ಸೌಲಭ್ಯವಿರುವ ಕಡೆ ಕಣ್ಣಿನ ಪಾಪೆ, ಮುಖಚಹರೆ ಅಥವಾ ನೋಂದಾಯಿತ ಮೊಬೈಲಿಗೆ ಬರುವ ಓ.ಟಿ.ಪಿ. ಮೂಲಕ ದೃಢೀಕರಿಸುವಂತೆ ಕೋರುವುದು.
(3) ಪಡಿತರದ ಸಂದರ್ಭದಲ್ಲಿ, ಅದೇ ಚೀಟಿಯಲ್ಲಿ ಹೆಸರಿರುವ ಕುಟುಂಬದ ಮತ್ತೊಬ್ಬ ಸದಸ್ಯರು ಗುರುತು ನೀಡುವುದು.
(4) ಯಾವ ವಿಧಾನವೂ ಫಲಿಸದಿದ್ದಲ್ಲಿ, ವಿನಾಯಿತಿ ಪ್ರಕರಣವೆಂದು ದಾಖಲಿಸಿಕೊಂಡು ಸೌಲಭ್ಯ ನೀಡುವಂತೆ ಕೇಳುವುದು. ನಿರಾಕರಿಸಿದಲ್ಲಿ ದಿನಾಂಕ, ಸಮಯ ಮತ್ತು ತಿಳಿಸಿದ ಕಾರಣವನ್ನು ಬರೆದಿಟ್ಟುಕೊಂಡು, ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಅಥವಾ ಸಂಬಂಧಪಟ್ಟ ಇಲಾಖೆಗೆ ಲಿಖಿತ ದೂರು ನೀಡುವುದು.
(5) ಪದೇ ಪದೇ ವಿಫಲವಾಗುತ್ತಿದ್ದಲ್ಲಿ ಆಧಾರ್ ಸೇವಾ ಕೇಂದ್ರದಲ್ಲಿ ಬಯೋಮೆಟ್ರಿಕ್ ನವೀಕರಣ ಮಾಡಿಸುವುದು. ಮಾಹಿತಿಗಾಗಿ ಪ್ರಾಧಿಕಾರದ ಸಹಾಯವಾಣಿ 1947ಕ್ಕೆ ಕರೆ ಮಾಡಬಹುದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತಜ್ಞರ ಸಮಿತಿಗೆ ನಾಗರಿಕರು ನೇರವಾಗಿ ದೂರು ನೀಡಬಹುದೇ?
ಉತ್ತರ: ಇಲ್ಲ. ಸಲಹಾ ಸಮಿತಿಗೆ ವೈಯಕ್ತಿಕ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರವಿರುವುದಿಲ್ಲ. ದೂರನ್ನು ಸೇವೆ ನೀಡುವ ಇಲಾಖೆಗೆ ಅಥವಾ ಪ್ರಾಧಿಕಾರಕ್ಕೆ ಸಲ್ಲಿಸತಕ್ಕದ್ದು. ದಾಖಲಾದ ದೂರುಗಳು ಮುಂದಿನ ಪರಿಶೀಲನೆಗೆ ಆಧಾರವಾಗುವುದರಿಂದ, ಲಿಖಿತ ದೂರು ನೀಡುವುದು ಇತರರಿಗೂ ಉಪಯುಕ್ತ.

ಪ್ರಶ್ನೆ: ಮಕ್ಕಳ ಬೆರಳಚ್ಚನ್ನು ಯಾವಾಗ ನೀಡಬೇಕು?
ಉತ್ತರ: 5 ವರ್ಷದೊಳಗಿನ ಮಕ್ಕಳ ಬೆರಳಚ್ಚು ಮತ್ತು ಕಣ್ಣಿನ ಪಾಪೆಯನ್ನು ಪಡೆಯುವುದಿಲ್ಲ, ನೋಂದಣಿಯನ್ನು ತಂದೆ, ತಾಯಿ ಅಥವಾ ಪೋಷಕರ ಆಧಾರ್‌ಗೆ ಜೋಡಿಸಲಾಗುತ್ತದೆ. 5 ವರ್ಷ ತುಂಬಿದಾಗ ಹಾಗೂ 15 ವರ್ಷ ತುಂಬಿದಾಗ ಕಡ್ಡಾಯವಾಗಿ ನವೀಕರಿಸಬೇಕು. ಬೆಳೆಯುವ ವಯಸ್ಸಿನಲ್ಲಿ ಗುರುತುಗಳು ಬದಲಾಗುವುದೇ ಇದಕ್ಕೆ ಕಾರಣ.

ಪ್ರಶ್ನೆ: ಪಿಂಚಣಿದಾರರು ಜೀವಿತ ಪ್ರಮಾಣಪತ್ರಕ್ಕೆ ಬೆರಳಚ್ಚನ್ನೇ ನೀಡಬೇಕೇ?
ಉತ್ತರ: ಕೇಂದ್ರ ಸರ್ಕಾರದ "ಜೀವನ್ ಪ್ರಮಾಣ್" ವ್ಯವಸ್ಥೆಯಲ್ಲಿ 2021ರ ನವೆಂಬರ್‌ನಿಂದ ಮುಖಚಹರೆಯ ಮೂಲಕವೂ ದೃಢೀಕರಿಸಲು ಅವಕಾಶವಿದೆ.

ಪ್ರಶ್ನೆ: ಬೆರಳಚ್ಚಿನ ದುರುಪಯೋಗವಾಗದಂತೆ ತಡೆಯುವುದು ಹೇಗೆ?
ಉತ್ತರ: ಪ್ರಾಧಿಕಾರವು ಬಯೋಮೆಟ್ರಿಕ್ ಮಾಹಿತಿಗೆ ಬೀಗ ಹಾಕುವ ಸೌಲಭ್ಯ ಒದಗಿಸಿದೆ. ಅಗತ್ಯವಿದ್ದಾಗ ಮಾತ್ರ ಅದನ್ನು ತೆರೆಯಬಹುದು. ಉದ್ದೇಶವನ್ನು ತಿಳಿಯದೆ ಯಾವುದೇ ಯಂತ್ರದ ಮೇಲೆ ಬೆರಳಿಡಬಾರದು.

11. ಉಪಸಂಹಾರ

ತನ್ನ ಜ್ಞಾನದ ಮಿತಿಯನ್ನು ಸ್ಪಷ್ಟವಾಗಿ ದಾಖಲಿಸಿದ ಸಲಹಾ ಸಮಿತಿಯೇ ನಾಗರಿಕರಿಗೆ ಹೆಚ್ಚು ಉಪಕಾರಿ. ಯಂತ್ರವು ತಪ್ಪಬಹುದೆಂಬುದನ್ನು ಮೊದಲೇ ಒಪ್ಪಿಕೊಂಡಲ್ಲಿ ಮಾತ್ರ ಪರ್ಯಾಯ ಮಾರ್ಗಕ್ಕೆ ಅವಕಾಶ ದೊರೆಯುತ್ತದೆ. ಆ ಮಾರ್ಗವನ್ನು ತಿಳಿಸುವುದು ಸೇವೆ ನೀಡುವ ಸಿಬ್ಬಂದಿಯ ಕರ್ತವ್ಯ. ಅದನ್ನು ಕೇಳಿ ಪಡೆಯುವುದು ನಾಗರಿಕರ ಹಕ್ಕು. ಬೆರಳಚ್ಚು ತಾಳೆಯಾಗದ ಮಾತ್ರಕ್ಕೆ ಯಾರೂ ಅನರ್ಹರಾಗುವುದಿಲ್ಲ. ಆದ್ದರಿಂದ ಸಾರ್ವಜನಿಕರು ಇಂತಹ ಸಂದರ್ಭದಲ್ಲಿ ಹಿಂದಿರುಗದೆ, ಮೇಲೆ ತಿಳಿಸಿರುವ ಪರ್ಯಾಯ ವ್ಯವಸ್ಥೆಯ ಸದುಪಯೋಗ ಪಡೆದುಕೊಳ್ಳಬೇಕೆಂದು ಹಾಗೂ ತಮ್ಮ ನೆರೆಹೊರೆಯ ವಯೋವೃದ್ಧರಿಗೂ ಈ ವಿಷಯವನ್ನು ತಿಳಿಸಬೇಕೆಂದು ಕೋರಲಾಗಿದೆ.